ಬಾನೆಟ್ ಬಿಳಿಚಿದೆ, ಬಾಗಿಲು ಹೊಳೆಯುತ್ತಿದೆ: ಹಳೇ ಕಾರಿನ ಬಣ್ಣಕ್ಕೆ ಏನು ಮಾಡೋದು?

ಮಾರುತಿ 800 ತಯಾರಿ ನಿಂತಿದ್ದು 2014ರಲ್ಲಿ. ರಸ್ತೆಯಲ್ಲಿ ಉಳಿದಿರುವ ಕೆಂಪು ಗಾಡಿಗಳನ್ನು ಗಮನಿಸಿ. ಬಾಗಿಲು ಇನ್ನೂ ಕೆಂಪಗಿರುತ್ತದೆ, ರೂಫ್ ಮತ್ತು ಬಾನೆಟ್ ಮಾತ್ರ ಗುಲಾಬಿಗೆ ತಿರುಗಿರುತ್ತವೆ. ಬಿಸಿಲು ನೆಟ್ಟಗೆ ಬೀಳುವುದು ಅಲ್ಲಿಗೇ ಅಲ್ವಾ? ಕೆಂಪು ಬಣ್ಣ ಬೇಗ ಮಾಸುತ್ತದೆ ಬೇರೆ.

ಅಂಗಡಿಗೆ ಹೋಗಿ ಕಂಡದ್ದೆಲ್ಲ ತರಬೇಡಿ. ಮೊದಲು ಒಂದು ಪರೀಕ್ಷೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಚೂರು ರಬ್ಬಿಂಗ್ ಕಾಂಪೌಂಡ್ (ಮಾಸಿದ ಮೇಲ್ಪದರ ಉಜ್ಜಿ ತೆಗೆಯುವ ಪೇಸ್ಟ್) ಹಚ್ಚಿ, ಬಿಳಿ ಬಟ್ಟೆಯಿಂದ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣ ಕಾಯುವ ಪಾರದರ್ಶಕ ಪದರ, ಇಲ್ಲ ಎಂದರ್ಥ. ಇಂಥ ಪೇಂಟ್ ಸಾಮಾನ್ಯವಾಗಿ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ. ಬಣ್ಣ ಹತ್ತದಿದ್ದರೆ ಕ್ಲಿಯರ್ ಕೋಟ್ ಇದೆ. ಅದು ಬರೀ ಮಂಕಾಗಿದ್ದರೆ ಪಾಲಿಶ್ ಸಾಕು. ಸಿಪ್ಪೆ ಏಳುತ್ತಿದ್ದರೆ ಎಷ್ಟು ಉಜ್ಜಿದರೂ ಸುಮ್ನೆ ದಂಡ.

ಕಾರು ತೊಳೆದು ಒರೆಸಿ, ನೆರಳಿಗೆ ತನ್ನಿ. ತಗಡು ಮುಟ್ಟಿದರೆ ತಣ್ಣಗಿರಬೇಕು. ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತದೆ. ಸ್ಪಂಜಿಗೆ ಸ್ವಲ್ಪವೇ ಕಾಂಪೌಂಡ್ ಹಾಕಿಕೊಂಡು ಒಂದೆರಡು ಅಡಿ ಜಾಗವನ್ನಷ್ಟೇ ಹದವಾಗಿ ಉಜ್ಜಿ, ಒರೆಸಿ, ನೋಡಿ. ಬಣ್ಣ ಬಂತು ಅನ್ನಿಸಿದ ಕೂಡಲೇ ನಿಲ್ಲಿಸಿ. ಕ್ಲಿಯರ್ ಕೋಟ್ ನಮ್ಮ ತಲೆಕೂದಲಿಗಿಂತ ತೆಳು, ಅಂಚು ಮತ್ತು ಏಣುಗಳಲ್ಲಿ ಇನ್ನೂ ತೆಳು. ಅಲ್ಲಿ ಕೈ ಹಗುರವಿರಲಿ. ಬಾಡಿಗೆಗೆ ಮಷೀನ್ ತರುವ ಆಸೆ ಮೊದಲ ಸಲಕ್ಕೆ ಬೇಡ. ಕೈನೋವು ಮರುದಿನ ಹೋಗುತ್ತದೆ, ಉಜ್ಜಿ ತೆಗೆದ ಪೇಂಟ್ ವಾಪಸ್ ಬರುವುದಿಲ್ಲ.

ಆಮೇಲೆ ನಯವಾದ ಪಾಲಿಶ್, ಕೊನೆಗೆ ವ್ಯಾಕ್ಸ್. ಬಿಸಿಲಲ್ಲೇ ನಿಲ್ಲುವ ಕಾರಿಗೆ ಎರಡು-ಮೂರು ತಿಂಗಳಿಗೊಮ್ಮೆ ವ್ಯಾಕ್ಸ್ ಬೇಕು.

ಸಿಪ್ಪೆ ಎದ್ದ ಭಾಗಕ್ಕೆ ಮರುಪೇಂಟೇ ದಾರಿ. ಕಂಪನಿಯ ಕಲರ್ ಕೋಡ್ ಹೇಳಿದರೆ ಸಾಕು ಅಂದುಕೊಳ್ಳಬೇಡಿ. ಕೋಡ್ ಪ್ರಕಾರ ಬೆರೆಸಿದ್ದು ಹೊಸ ಕಾರಿನ ಬಣ್ಣ, ನಿಮ್ಮ ಬಾಗಿಲು ಅಷ್ಟಿಷ್ಟು ಮಾಸಿರುತ್ತದೆ. ಉಳಿದ ಭಾಗಗಳಿಗೆ ಪಾಲಿಶ್ ಮಾಡಿಸಿದ ಮೇಲೆಯೇ ಬಣ್ಣ ಹೊಂದಿಸಲು ಪೇಂಟರ್‌ಗೆ ಹೇಳಿ. ಒಂದು ತುಂಡಿನ ಮೇಲೆ ಸ್ಪ್ರೇ ಮಾಡಿ, ಒಣಗಿದ ಮೇಲೆ ಹಗಲು ಬೆಳಕಲ್ಲಿ ಕಾರಿನ ಪಕ್ಕ ಹಿಡಿದು ತೋರಿಸಲಿ. ಸಿಲ್ವರ್‌ನಂಥ ಮೆಟಾಲಿಕ್ ಬಣ್ಣವಾದರೆ ಪಕ್ಕದ ಭಾಗಕ್ಕೂ ಸ್ವಲ್ಪ ಹಾಯಿಸಿ ಬೆರೆಸಬೇಕು, ಖರ್ಚು ಜಾಸ್ತಿ. ಬೇರೆ ಬಣ್ಣವನ್ನೇ ಹೊಡೆಸುವುದಾದರೆ ಆರ್‌ಟಿಒಗೆ ಹೋಗಿ ಆರ್‌ಸಿಯಲ್ಲಿ ಬದಲಾಯಿಸಬೇಕು. ಪೇಂಟ್ ಆದ ಕೂಡಲೇ ವ್ಯಾಕ್ಸ್ ಹಚ್ಚಬೇಡಿ, ಎಷ್ಟು ದಿನ ಬಿಡಬೇಕು ಎಂದು ಪೇಂಟರ್ ಹತ್ತಿರವೇ ಕೇಳಿಕೊಳ್ಳಿ.