ಸಾವಿರ ಫೋಟೋ ಬಂದಿದೆ, ಕಳಿಸುವುದು ಎಷ್ಟು?

ಪ್ರವಾಸ ಮುಗಿದ ಮೇಲೆ ಬಟ್ಟೆ ಒಗೆದಾಗುತ್ತದೆ, ಸೂಟ್‌ಕೇಸ್ ಅಟ್ಟಕ್ಕೆ ಹೋಗುತ್ತದೆ. ಫೋಟೋಗಳು ಮಾತ್ರ ಇದ್ದಲ್ಲೇ ಇರುತ್ತವೆ. ಒಂದಷ್ಟು ನನ್ನ ಫೋನಿನಲ್ಲಿ, ಒಂದಷ್ಟು ಅಕ್ಕನ ಫೋನಿನಲ್ಲಿ, ಚೆನ್ನಾಗಿ ಬಂದಿರುವುದೆಲ್ಲ ಭಾವನ ಕ್ಯಾಮೆರಾದಲ್ಲಿ. "ಕಳಿಸ್ತೀನಿ ಇರು" ಅಂತ ಎಲ್ಲರೂ ಹೇಳುತ್ತಾರೆ, ಯಾರೂ ಕಳಿಸುವುದಿಲ್ಲ. ಎಲ್ಲರ ಫೋಟೋ ಒಟ್ಟು ಮಾಡಿ, ಆರಿಸಿ, ಹಂಚುವ ಕೆಲಸ ನಮ್ಮಲ್ಲಿ ಹೇಗೋ ನನ್ನ ತಲೆಗೇ ಬಂದಿದೆ. ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್ ಸುತ್ತಿ ಬಂದಾಗಲೂ ನಾನೇ ಕೂತು ಮಾಡಿದ್ದು. ಆ ಪ್ರವಾಸವನ್ನೇ ಇಟ್ಟುಕೊಂಡು ನನ್ನ ಕ್ರಮ ಹೇಳುತ್ತೇನೆ.

ಮೊದಲು ಒಟ್ಟು ಮಾಡಿ, ವಾಟ್ಸಾಪ್ ಬೇಡ

ಫೋಟೋ ಒಟ್ಟು ಮಾಡಲು ಎಲ್ಲರಿಗೂ ಮೊದಲು ನೆನಪಾಗುವುದು ವಾಟ್ಸಾಪ್ ಗ್ರೂಪ್. ಅಲ್ಲಿ ಫೋಟೋ ಅಂತ ಕಳಿಸಿದ್ದು ಕುಗ್ಗಿಯೇ ಬರುತ್ತದೆ. ಎಚ್‌ಡಿ ಆರಿಸಿಕೊಂಡರೂ ಮೂಲದಷ್ಟು ಇರುವುದಿಲ್ಲ. ನನಗೆ ಅದಕ್ಕಿಂತ ಜಾಸ್ತಿ ತಲೆನೋವು ಕೊಡುವುದು ಇನ್ನೊಂದು. ಫೋಟೋ ತೆಗೆದ ದಿನ, ಸಮಯ, ಜಾಗ ಎಲ್ಲ ಫೈಲಿನೊಳಗೇ ಬರೆದಿರುತ್ತದೆ. ಎಕ್ಸಿಫ್ ಅನ್ನುತ್ತಾರೆ ಅದನ್ನು. ವಾಟ್ಸಾಪ್ ದಾಟಿ ಬರುವಾಗ ಅದು ಕಳಚಿಹೋಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಆ ಫೈಲಿನ ಹೆಸರಲ್ಲಿ ಒಂದು ತಾರೀಕು ಇರುತ್ತದೆ ನಿಜ, ಆದರೆ ಅದು ನಿಮ್ಮ ಫೋನಿಗೆ ಬಂದ ತಾರೀಕು, ತೆಗೆದ ತಾರೀಕಲ್ಲ. ಪ್ರಾಗ್‌ನ ಸೇತುವೆ ಹೋಗಿ ಮನೆಗೆ ಬಂದ ಮೇಲಿನ ಸೋಮವಾರದಲ್ಲಿ ಕೂರುತ್ತದೆ.

ವಾಟ್ಸಾಪ್ ಬಿಟ್ಟು ಬೇರೆ ಗೊತ್ತಿಲ್ಲ ಅನ್ನುವವರು ಇದ್ದರೆ, ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿಕೊಡಿ. ಆಗ ಫೈಲ್ ಇದ್ದ ಹಾಗೇ ಬರುತ್ತದೆ. ಒಂದೊಂದು ಫೈಲ್ 2 ಜಿಬಿವರೆಗೂ ಹೋಗುತ್ತದೆ, ವಿಡಿಯೋಗೂ ಸಾಕು. ಇದಕ್ಕಿಂತ ಸಲೀಸು ಅಂದರೆ ಗೂಗಲ್ ಫೋಟೋಸ್‌ನಲ್ಲಿ ಒಂದು ಹಂಚಿಕೆಯ ಆಲ್ಬಮ್ ತೆರೆದು ಎಲ್ಲರನ್ನೂ ಸೇರಿಸಿ "ನಿಮ್ಮದನ್ನ ನೀವೇ ಹಾಕಿ" ಅನ್ನುವುದು. ಅಂಥ ಒಂದು ಆಲ್ಬಮ್ 20,000 ಫೋಟೋ ಹಿಡಿಯುತ್ತದೆ. ಯಾವ ಪ್ರವಾಸಕ್ಕೂ ಧಾರಾಳವಾಯಿತು.

ಕ್ಯಾಮೆರಾದ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಇಳಿಸಿಕೊಳ್ಳಿ. ಆದರೆ ಕಾರ್ಡನ್ನು ಕೂಡಲೇ ಫಾರ್ಮ್ಯಾಟ್ ಮಾಡಬೇಡಿ. ಇನ್ನೂ ಎರಡು ಕಡೆ ಪ್ರತಿ ಆಗುವವರೆಗೂ ಅದು ಹಾಗೇ ಇರಲಿ. ಫೋಟೋಗ್ರಾಫರುಗಳು 3-2-1 ಅಂತ ಒಂದು ಲೆಕ್ಕ ಹೇಳುತ್ತಾರೆ: ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಕಂಪ್ಯೂಟರ್, ಒಂದು ಹಾರ್ಡ್ ಡಿಸ್ಕ್, ಒಂದು ಕ್ಲೌಡ್ ಇದ್ದರೆ ಲೆಕ್ಕ ಸರಿಹೋಯಿತು.

ಐಫೋನಿನವರ ಫೋಟೋ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ ಅಂದರೆ ಗಾಬರಿ ಬೇಡ. 2017ರ ಐಒಎಸ್ 11ರಿಂದ ಆ ಫೋನುಗಳು ಹೀಕ್ ಅನ್ನುವ ಮಾದರಿಯಲ್ಲಿ ಉಳಿಸುತ್ತವೆ. ಜೆಪೆಗ್‌ಗೆ ಬದಲಾಯಿಸಿಕೊಂಡರೆ ಎಲ್ಲ ಕಡೆ ತೆರೆಯುತ್ತದೆ.

ಫೋನಿನಲ್ಲಿ ಅಳಿಸುವ ಮುಂಚೆ

"ಕ್ಲೌಡಿಗೆ ಹೋಗಿದೆಯಲ್ಲ, ಇನ್ನು ಫೋನಿಂದ ಅಳಿಸೋಣ" ಅಂತ ತುಂಬಾ ಜನ ಗೂಗಲ್ ಫೋಟೋಸ್ ಆ್ಯಪ್ ತೆರೆದು ಅಲ್ಲೇ ಡಿಲೀಟ್ ಒತ್ತುತ್ತಾರೆ. ಆಗ ಎರಡೂ ಕಡೆಯಿಂದ ಹೋಗುತ್ತದೆ. ಜಾಗ ಖಾಲಿ ಮಾಡಲು ಅದೇ ಆ್ಯಪ್‌ನಲ್ಲಿ "ಫ್ರೀ ಅಪ್ ಸ್ಪೇಸ್" ಅಂತ ಬೇರೆಯೇ ಇದೆ. ಬ್ಯಾಕಪ್ ಆಗಿರುವ ಫೋಟೋಗಳನ್ನು ಮಾತ್ರ ಅದು ಫೋನಿನಿಂದ ತೆಗೆಯುತ್ತದೆ. ಐಕ್ಲೌಡ್ ಫೋಟೋಸ್ ಆನ್ ಇರುವ ಐಫೋನಿನಲ್ಲೂ ಇದೇ ಕಥೆ, ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯಿತು. ಅಳಿಸಿಬಿಟ್ಟಿದ್ದರೆ ಕಸದ ಬುಟ್ಟಿ ನೋಡಿ. ಬ್ಯಾಕಪ್ ಆಗಿದ್ದ ಫೋಟೋ ಗೂಗಲ್‌ನಲ್ಲಿ 60 ದಿನ ಇರುತ್ತದೆ, ಆ್ಯಪಲ್‌ನಲ್ಲಿ 30 ದಿನ.

ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ. ಅದರಲ್ಲೇ ಜಿಮೇಲ್, ಡ್ರೈವ್ ಕೂಡ ಸೇರಿವೆ. 2021ರ ಜೂನ್ 1ಕ್ಕೆ ಮುಂಚೆ ಸ್ವಲ್ಪ ಕುಗ್ಗಿಸಿದ ಫೋಟೋ ಎಷ್ಟು ಬೇಕಾದರೂ ಇಡಬಹುದಿತ್ತು, ಈಗ ಅದೂ ಲೆಕ್ಕಕ್ಕೆ ಬರುತ್ತದೆ. "ಸ್ಟೋರೇಜ್ ಸೇವರ್" ಆರಿಸಿದರೆ 16 ಮೆಗಾಪಿಕ್ಸೆಲ್‌ಗಿಂತ ದೊಡ್ಡ ಫೋಟೋ ಆ ಅಳತೆಗೆ ಇಳಿಯುತ್ತದೆ. ಸುಮ್ನೆ ನೋಡುವುದಕ್ಕೆ ಅದರಲ್ಲಿ ಯಾವ ತೊಂದರೆಯೂ ಇಲ್ಲ. ಮೂಲ ಹಾರ್ಡ್ ಡಿಸ್ಕಿನಲ್ಲಿದ್ದರೆ ನಾನು ಅದನ್ನೇ ಆರಿಸುತ್ತೇನೆ.

ಗಡಿಯಾರ ಸರಿ ಮಾಡುವುದು

ವಿದೇಶ ಪ್ರವಾಸದ ಫೋಟೋ ಕಲಸುಮೇಲೋಗರ ಆಗುವುದೇ ಇಲ್ಲಿ. ಫೋನು ಬೇರೆ ದೇಶದಲ್ಲಿ ಇಳಿದ ಕೂಡಲೇ ಅಲ್ಲಿನ ಸಮಯ ಹಿಡಿಯುತ್ತದೆ. ಕ್ಯಾಮೆರಾ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಯಾರಾದರೂ ಕೈಯಿಂದ ಬದಲಾಯಿಸಬೇಕು. ಭಾವ ಬದಲಾಯಿಸಿರಲಿಲ್ಲ. ಎಲ್ಲರ ಫೋಟೋ ಒಂದೇ ಆಲ್ಬಮ್‌ಗೆ ಹಾಕಿದಾಗ ನಾವು ರಾತ್ರಿ ಊಟ ಮುಗಿಸಿ ಮಲಗಿದ ಹೊತ್ತಿಗೆ ಭಾವ ಒಬ್ಬರೇ ಚಾರ್ಲ್ಸ್ ಸೇತುವೆ ಮೇಲೆ ಓಡಾಡುತ್ತಿದ್ದರು. ಅದೂ ರಾತ್ರಿ 10:40ಕ್ಕೆ, ಝಳಪಿಸುವ ಬಿಸಿಲಿನಲ್ಲಿ!

ಇಂಥ ಕಡೆ ಎಷ್ಟು ಗಂಟೆ ವ್ಯತ್ಯಾಸ ಅಂತ ಊಹೆ ಮಾಡುವುದು ಬೇಡ. ಕ್ಯಾಮೆರಾದಲ್ಲಿ ತೆಗೆದ ಯಾವುದಾದರೂ ಫೋಟೋದಲ್ಲಿ ಒಂದು ಗಡಿಯಾರ ಸಿಗುತ್ತದಾ ನೋಡಿ. ರೈಲ್ವೆ ಸ್ಟೇಷನ್, ವಿಮಾನ ನಿಲ್ದಾಣದ ಬೋರ್ಡು, ಯಾರದೋ ಕೈಗಡಿಯಾರ, ಏನಾದರೂ ಆದೀತು. ನನಗೆ ವಿಯೆನ್ನಾ ಸ್ಟೇಷನ್ನಿನಲ್ಲಿ ಸಿಕ್ಕಿತು. ಅಕ್ಕ ಸೂಟ್‌ಕೇಸ್ ಮೇಲೆ ಕೂತಿದ್ದಾಳೆ, ತಲೆಯ ಮೇಲೆ ದುಂಡಗಿನ ಗಡಿಯಾರ. ದೊಡ್ಡದು ಮಾಡಿ ನೋಡಿದರೆ ಮುಳ್ಳು 9:26 ತೋರಿಸುತ್ತಿದೆ. ಅದೇ ಫೋಟೋದ ವಿವರ ತೆರೆದರೆ 12:58 ಅಂತಿದೆ. ಅಲ್ಲಿಗೆ ನಮ್ಮ ದೇಶಕ್ಕೂ ಅಲ್ಲಿಗೂ ಇದ್ದ ಮೂರೂವರೆ ಗಂಟೆಯ ಜೊತೆಗೆ ಕ್ಯಾಮೆರಾ ಎರಡು ನಿಮಿಷ ಮುಂದೆ ಇತ್ತು ಅಂತಾಯಿತು. ಭಾವನ ಎಲ್ಲ ಫೋಟೋಗಳನ್ನೂ 3 ಗಂಟೆ 32 ನಿಮಿಷ ಹಿಂದಕ್ಕೆ ಸರಿಸಿದರೆ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ಕೂರುತ್ತವೆ. ಬುಡಾಪೆಸ್ಟ್‌ನಲ್ಲಿ ರಾತ್ರಿ ಎಂಟೂವರೆ ದಾಟಿದ ಮೇಲೆ ತೆಗೆದದ್ದೆಲ್ಲ ಮಾರನೇ ದಿನಕ್ಕೆ ಹೋಗಿ ಕೂತಿತ್ತು, ಅದೂ ವಾಪಸ್ ಬಂತು. (ಪ್ರಾಗ್‌ನ ಹಳೇ ಪೇಟೆಯಲ್ಲಿ 1410ರ ಖಗೋಳ ಗಡಿಯಾರ ಇದೆ, ಅದರ ಫೋಟೋ ಬೇಕಾದಷ್ಟಿತ್ತು. ಆದರೆ ಅದರಲ್ಲಿ ಗಂಟೆ ಎಷ್ಟು ಅಂತ ಓದುವುದೇ ಒಂದು ವಿದ್ಯೆ. ಈ ಕೆಲಸಕ್ಕೆ ಸ್ಟೇಷನ್ ಗಡಿಯಾರವೇ ವಾಸಿ.)

ಸರಿಸುವುದು ಹೇಗೆ? ಗೂಗಲ್ ಫೋಟೋಸ್ ಅನ್ನು ಕಂಪ್ಯೂಟರಿನಲ್ಲಿ ತೆರೆದು, ಕ್ಯಾಮೆರಾದ ಫೋಟೋಗಳನ್ನು ಮಾತ್ರ ಆರಿಸಿ, ಮೂರು ಚುಕ್ಕಿಯ ಮೆನುವಿನಲ್ಲಿ ದಿನಾಂಕ ಮತ್ತು ಸಮಯ ತಿದ್ದುವ ಆಯ್ಕೆಗೆ ಹೋಗಿ. ಅಲ್ಲಿ ಎರಡು ದಾರಿ ಇವೆ. ಎಲ್ಲಕ್ಕೂ ಒಂದೇ ಸಮಯ ಕೊಡುವುದು ಒಂದು, ಎಲ್ಲವನ್ನೂ ಅಷ್ಟಷ್ಟೇ ಸರಿಸುವುದು ಇನ್ನೊಂದು. ನಮಗೆ ಬೇಕಾದ್ದು ಎರಡನೆಯದು. ಮ್ಯಾಕ್‌ನ ಫೋಟೋಸ್‌ನಲ್ಲೂ ಇಂಥದ್ದೇ ಸೌಕರ್ಯ ಇದೆ. ಒಂದು ವಿಷಯ ಗಮನದಲ್ಲಿರಲಿ, ಗೂಗಲ್‌ನಲ್ಲಿ ಹೀಗೆ ತಿದ್ದಿದ್ದು ಅಲ್ಲಿ ಮಾತ್ರ ಕಾಣುತ್ತದೆ, ಹಾರ್ಡ್ ಡಿಸ್ಕಿನ ಫೈಲ್ ಬದಲಾಗುವುದಿಲ್ಲ. ಫೈಲೇ ಬದಲಾಗಬೇಕು ಅಂದರೆ ಡಿಜಿಕ್ಯಾಮ್ ಅಥವಾ ಎಕ್ಸಿಫ್‌ಟೂಲ್ ಅನ್ನುವ ಸಾಫ್ಟ್‌ವೇರ್ ಬಳಸಿ. ಎರಡೂ ಉಚಿತ. ಎಕ್ಸಿಫ್‌ಟೂಲ್‌ನಲ್ಲಿ ಆಜ್ಞೆ ಟೈಪ್ ಮಾಡಬೇಕು, ಅದು ಒಗ್ಗದವರಿಗೆ ಡಿಜಿಕ್ಯಾಮ್ ಸುಲಭ.

ಮುಂದಿನ ಸಲ ಹೊರಡುವವರು ಇಳಿದ ಕೂಡಲೇ ಕ್ಯಾಮೆರಾದಿಂದ ಫೋನಿನ ಗಡಿಯಾರದ ಒಂದು ಫೋಟೋ ಹೊಡೆದುಕೊಳ್ಳಿ. ಹುಡುಕಾಟವೇ ಇರುವುದಿಲ್ಲ.

ಫೋಲ್ಡರ್ ಹೆಸರಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ವರ್ಷ, ತಿಂಗಳು, ಊರು: 2024-05-ಪ್ರಾಗ್. ವರ್ಷ ಮೊದಲು ಬಂದರೆ ಫೋಲ್ಡರುಗಳು ತಾವಾಗೇ ಸಾಲಾಗಿ ನಿಲ್ಲುತ್ತವೆ.

ಆರಿಸುವುದು

ಕೆಟ್ಟದ್ದನ್ನು ಅಳಿಸುತ್ತಾ ಹೋದರೆ ಈ ಕೆಲಸ ಮುಗಿಯುವುದಿಲ್ಲ. ಪ್ರತಿ ಫೋಟೋಗೂ "ಇರಲಿ ಬಿಡು" ಅನ್ನಿಸುತ್ತದೆ. ಅದಕ್ಕೇ ನಾನು ಉಲ್ಟಾ ಮಾಡುತ್ತೇನೆ. ಏನನ್ನೂ ಅಳಿಸುವುದಿಲ್ಲ, ಒಂದೇ ಓಟದಲ್ಲಿ ನೋಡುತ್ತಾ ಕಣ್ಣು ನಿಂತದ್ದಕ್ಕೆಲ್ಲ ಫೇವರಿಟ್ ಗುರುತು ಹಾಕುತ್ತೇನೆ. ಮಾರನೇ ದಿನ ಗುರುತಿದ್ದವನ್ನು ಮಾತ್ರ ನೋಡಿ ಅರ್ಧಕ್ಕೆ ಇಳಿಸುತ್ತೇನೆ. ಮಧ್ಯೆ ಒಂದು ರಾತ್ರಿ ಕಳೆಯಬೇಕು. ಅದೇ ದಿನ ಕೂತರೆ ಎಲ್ಲವೂ ಬೇಕು ಅನ್ನಿಸುತ್ತದೆ.

ಬುಡಾಪೆಸ್ಟ್‌ನ ಪಾರ್ಲಿಮೆಂಟ್ ಕಟ್ಟಡವನ್ನು ಡ್ಯಾನ್ಯೂಬ್ ನದಿಯ ಈಚೆ ದಡದಿಂದ ರಾತ್ರಿ ನೋಡಿದವರು ಯಾರೂ ಒಂದೇ ಫೋಟೋಗೆ ನಿಲ್ಲಿಸುವುದಿಲ್ಲ. ನಮ್ಮ ಹತ್ತಿರವೂ ಮೂರು ಜನರದ್ದು ಸೇರಿ ಒಂದು ರಾಶಿ ಇತ್ತು, ಎಲ್ಲ ಅದೇ ಹಳದಿ ದೀಪ, ಅದೇ ನೀರು. ಅದರಲ್ಲಿ ಅತಿ ಚೊಕ್ಕವಾಗಿದ್ದದ್ದನ್ನು ನಾನು ಆರಿಸಲಿಲ್ಲ. ಒಂದು ದೋಣಿ ಅಡ್ಡ ಬಂದು ನೀರಿನ ಬೆಳಕನ್ನು ಕದಡಿದ್ದು ಇತ್ತು, ಸ್ವಲ್ಪ ಓರೆ ಬೇರೆ. ಅದನ್ನು ಇಟ್ಟುಕೊಂಡೆ. ಚೊಕ್ಕವಾದದ್ದು ಪೋಸ್ಟ್‌ಕಾರ್ಡಿನಲ್ಲೂ ಸಿಗುತ್ತದೆ, ಅಲ್ವಾ?

ಚಾರ್ಲ್ಸ್ ಸೇತುವೆಯ ಎರಡೂ ಕಡೆ ಸೇರಿ 30 ಶಿಲ್ಪಗಳಿವೆ. ಭಾವ ಒಂದನ್ನೂ ಬಿಟ್ಟಿಲ್ಲ. ಅವೆಲ್ಲ ಮೂಲ ಫೋಲ್ಡರಿನಲ್ಲಿ ಸುಖವಾಗಿರಲಿ. ಹಂಚುವ ಆಲ್ಬಮ್‌ಗೆ ಹೋದದ್ದು ಒಂದು.

ಕೊನೆಗೆ ಎಷ್ಟು ಉಳಿಯಬೇಕು? ನಲವತ್ತರಿಂದ ಅರವತ್ತು, ಅದಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಮುನ್ನೂರು ಕಳಿಸಿದರೆ ಮೊದಲ ಇಪ್ಪತ್ತು ನೋಡಿ "ತುಂಬಾ ಚೆನ್ನಾಗಿದೆ" ಅಂತ ಬರೆದು ಮುಚ್ಚುತ್ತಾರೆ. ಅವರ ತಪ್ಪೇನೂ ಇಲ್ಲ.

ಅಡಿಬರಹ ಮರೆಯುವ ಮೊದಲೇ ಬರೆಯಿರಿ. ಎರಡು ವಾರ ಕಳೆದರೆ ಚರ್ಚುಗಳೆಲ್ಲ ಒಂದೇ ಥರ ಕಾಣುತ್ತವೆ. ಹೆಸರು ನೆನಪಾಗದಿದ್ದರೆ ಗೂಗಲ್ ಲೆನ್ಸ್‌ನಲ್ಲಿ ತೋರಿಸಿ, ಹೆಸರಾಂತ ಕಟ್ಟಡವಾದರೆ ಬಹುಮಟ್ಟಿಗೆ ಹೇಳುತ್ತದೆ. "ಮರೆಯಲಾಗದ ಸಂಜೆ" ಅಂತ ಬರೆದರೆ ನೋಡುವವರಿಗೆ ಏನೂ ಸಿಗುವುದಿಲ್ಲ. ನಾನು ಹೀಗೆ ಬರೆದೆ: "ಚಾರ್ಲ್ಸ್ ಸೇತುವೆ, ಪ್ರಾಗ್. ಕಟ್ಟಲು ಶುರು ಮಾಡಿದ್ದು 1357ರಲ್ಲಿ. ಕೊಡೆ ಬಿಚ್ಚಿಕೊಂಡು ನಿಂತವರು ಭಾವ, ಮಳೆ ಇರಲಿಲ್ಲ." ಇದಕ್ಕೆ ಬಂದಷ್ಟು ಪ್ರತಿಕ್ರಿಯೆ ಬೇರೆ ಯಾವುದಕ್ಕೂ ಬರಲಿಲ್ಲ.

ಯಾರಿಗೆ ಯಾವುದು

ಒಂದೇ ಆಲ್ಬಮ್ ಎಲ್ಲರಿಗೂ ಕಳಿಸಬೇಡಿ. ಜೊತೆಗೆ ಬಂದವರಿಗೆ ಎಲ್ಲವೂ ಬೇಕು, ಓರೆಕೋರೆ ಬಂದಿದ್ದೂ ಬೇಕು. ಮನೆಯವರಿಗೆ, ಸ್ನೇಹಿತರಿಗೆ ಆರಿಸಿದ ಐವತ್ತು. ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಥರ ಎಲ್ಲರಿಗೂ ಕಾಣುವ ಕಡೆ ಏಳೆಂಟು ಸಾಕು, ಅದೂ ಮನೆಗೆ ಬಂದ ಮೇಲೆ. ಮನೆ ಖಾಲಿ ಇದೆ ಅಂತ ದೂರದಿಂದ ಡಂಗುರ ಹೊಡೆಯುವುದು ಯಾಕೆ?

ಗೂಗಲ್ ಫೋಟೋಸ್‌ನಲ್ಲಿ ಲಿಂಕ್ ಕಳಿಸುವ ಮುಂಚೆ ಆಲ್ಬಮ್‌ನ ಆಯ್ಕೆಗಳಿಗೆ ಹೋಗಿ ಫೋಟೋದ ಜಾಗ ತೋರಿಸುವುದನ್ನು ಆಫ್ ಮಾಡಿ. ಊರಿನ ಹೆಸರು ಹೇಗೂ ಅಡಿಬರಹದಲ್ಲಿದೆ. ಹೊರಡುವ ದಿನ ಮನೆ ಬಾಗಿಲಲ್ಲಿ ತೆಗೆದ ಫೋಟೋದಲ್ಲಿ ಮನೆಯ ಜಾಗ ನಕ್ಷೆಯ ಮೇಲೆ ಚುಕ್ಕಿ ಇಟ್ಟಂತೆ ಇರುತ್ತದೆ, ಅದು ಯಾರಿಗೂ ಬೇಡ. ಲಿಂಕ್ ಸಿಕ್ಕಿದ ಯಾರು ಬೇಕಾದರೂ ಆಲ್ಬಮ್ ನೋಡಬಹುದು ಅನ್ನುವುದೂ ನೆನಪಿರಲಿ. ನೀವು ಕಳಿಸಿದ್ದು ಅತ್ತೆಗೆ, ಅತ್ತೆ ಅದನ್ನು ಯಾವ ಯಾವ ಗ್ರೂಪಿಗೆ ಹಾಕಿದರೋ! ಹತ್ತಿರದವರಿಗೆ ಮಾತ್ರ ಅನ್ನುವ ಆಲ್ಬಮ್‌ಗೆ ಲಿಂಕ್ ಬಿಟ್ಟು ಜನರನ್ನು ಹೆಸರು ಹಿಡಿದು ಸೇರಿಸಿ.

ಎಲ್ಲರೂ ಐಫೋನಿನವರೇ ಆದರೆ ಐಕ್ಲೌಡ್ ಹಂಚಿಕೆಯ ಆಲ್ಬಮ್ ಅನುಕೂಲ. ಆದರೆ ಅಲ್ಲಿ ಫೋಟೋಗಳು ಉದ್ದದ ಬದಿಗೆ 2048 ಪಿಕ್ಸೆಲ್‌ಗೆ ಕುಗ್ಗುತ್ತವೆ. ನೋಡಲು ಸಾಕು, ದೊಡ್ಡದಾಗಿ ಪ್ರಿಂಟ್ ಹಾಕಿಸುವವರಿಗೆ ಮೂಲ ಫೈಲೇ ಕೊಡಿ.

ಹೊರಗೆ ಹಾಕದಿರುವುದು ಕೆಲವಿವೆ. ಬೋರ್ಡಿಂಗ್ ಪಾಸ್ ಹಿಡಿದ ಫೋಟೋ ಅಂದರೆ ಜನಕ್ಕೆ ಏನೋ ಪ್ರೀತಿ. ಅದರ ಬಾರ್‌ಕೋಡಿನಲ್ಲಿ ನಿಮ್ಮ ಹೆಸರು, ಬುಕಿಂಗ್ ನಂಬರ್ ಎರಡೂ ಇರುತ್ತವೆ. ಅವೆರಡಿದ್ದರೆ ಎಷ್ಟೋ ವಿಮಾನ ಕಂಪನಿಗಳ ವೆಬ್‌ಸೈಟಿನಲ್ಲಿ ನಿಮ್ಮ ಟಿಕೆಟ್ ತೆರೆಯಬಹುದು. ಹೆಸರಿನ ಮೇಲೆ ಬೆರಳಿಟ್ಟು ಪ್ರಯೋಜನವಿಲ್ಲ, ಬಾರ್‌ಕೋಡ್ ಕಾಣುತ್ತಲೇ ಇರುತ್ತದೆ. ಬುಡಾಪೆಸ್ಟ್‌ನ ಸೆಚೆನಿ ಬಿಸಿನೀರಿನ ಕೊಳದ ಫೋಟೋಗಳನ್ನು ನಾನು ಎಲ್ಲೂ ಹಾಕಲಿಲ್ಲ. ಸುತ್ತ ನೂರಾರು ಜನ ಸ್ನಾನದ ಉಡುಪಿನಲ್ಲಿದ್ದಾರೆ, ಅವರನ್ನು ಯಾರು ಕೇಳಿದ್ದಾರೆ? ಬೇರೆಯವರ ಮಕ್ಕಳಿದ್ದರೆ ಅಪ್ಪ ಅಮ್ಮನನ್ನು ಕೇಳದೆ ಹಾಕುವುದು ಬೇಡ. ಪ್ಯಾರಿಸ್‌ಗೆ ಹೋಗಿ ಬಂದವರಿಗೆ ಒಂದು ಮಾತು: ಐಫೆಲ್ ಗೋಪುರದ ರಾತ್ರಿಯ ದೀಪಾಲಂಕಾರಕ್ಕೆ ಹಕ್ಕುಸ್ವಾಮ್ಯ ಇದೆ. ನಿಮ್ಮ ಖುಷಿಗೆ ಹಂಚಿಕೊಳ್ಳಲು ಅಡ್ಡಿಯಿಲ್ಲ, ಮಾರುವುದಕ್ಕೋ ಜಾಹೀರಾತಿಗೋ ಬಳಸುವುದಾದರೆ ಅನುಮತಿ ಬೇಕು.

ಲಿಂಕನ್ನು ಶಾಶ್ವತವಾಗಿ ತೆರೆದಿಡುವ ಅಗತ್ಯವೂ ಇಲ್ಲ. ನೋಡುವವರು ಮೊದಲ ಒಂದೆರಡು ತಿಂಗಳಲ್ಲೇ ನೋಡಿ ಮುಗಿಸಿರುತ್ತಾರೆ. ಆಮೇಲೆ ಲಿಂಕ್ ಆಫ್ ಮಾಡಿ. ಮಾಡುವ ಒಂದು ವಾರ ಮುಂಚೆ ಎಲ್ಲರಿಗೂ ತಿಳಿಸಿದರೆ, ಬೇಕಾದವರು ಇಳಿಸಿಕೊಳ್ಳುತ್ತಾರೆ. ಅಕ್ಕ ಮಾತ್ರ ಕೊನೇ ದಿನ ರಾತ್ರಿ ಫೋನ್ ಮಾಡಿ ಇನ್ನೂ ಎರಡು ದಿನ ಇಡು ಅನ್ನುತ್ತಾಳೆ, ಇಡುತ್ತೇನೆ.