ಜನರೇಟರಿಗೆ ಸೂರು ಹಾಕಿ, ಗೋಡೆ ಬೇಡ

ಆರಿದ್ರಾ ಮಳೆ ಹಿಡಿಯಿತೆಂದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಒಂಟಿಮನೆಗಳಲ್ಲಿ ಹೋದ ಕರೆಂಟು ಎರಡು ಮೂರು ದಿನ ಬಾರದಿರುವುದೂ ಉಂಟು. ಕಾಡಿನ ನಡುವೆ ಎಲ್ಲೋ ಲೈನಿನ ಮೇಲೆ ಮರ ಬಿದ್ದಿರುತ್ತದೆ. ಲೈನ್‌ಮ್ಯಾನ್ ಅದನ್ನು ಕಡಿಸಿ ಸರಿಮಾಡುವಷ್ಟರಲ್ಲಿ ಮುಂದಿನ ತಿರುವಿನಲ್ಲಿ ಇನ್ನೊಂದು ಬಿದ್ದಿರುತ್ತದೆ. ಮೊದಲ ದಿನ ಯುಪಿಎಸ್ ಕೈ ಹಿಡಿಯುತ್ತದೆ. ಮಾರನೆಯ ದಿನ ಬಾವಿ ಪಂಪು, ಫ್ರಿಜ್ಜು, ಮೊಬೈಲ್ ಚಾರ್ಜು ಎಲ್ಲಕ್ಕೂ ಮೂಲೆಯಲ್ಲಿರುವ 2 ಕೆವಿಎ ಪೆಟ್ರೋಲ್ ಜನರೇಟರೇ ಗತಿ. ಅದನ್ನು ಎಲ್ಲಿಟ್ಟು ಓಡಿಸುವುದು ಎಂಬ ಯೋಚನೆ ಬರುವುದೂ ಆಗಲೇ, ಹೊರಗೆ ಧೋ ಎಂದು ಸುರಿಯುತ್ತಿರುವಾಗ. ಅವಸರಕ್ಕೆ ಹೊಳೆಯುವ ಜಾಗಗಳು ಮೂರು: ಜಗಲಿ, ಹಿತ್ತಿಲ ಮಾಡು, ಕೊಟ್ಟಿಗೆ. ಮೂರೂ ತಪ್ಪು.

ಯಾಕೆಂದರೆ ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಆಸೆಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಹೊಟ್ಟೆ ತೊಳೆಸುವುದು. ಮಲಗಿದ್ದವರಿಗೆ ಅದೂ ಗೊತ್ತಾಗುವುದಿಲ್ಲ. ‘ಕಿಟಕಿ ತೆರೆದಿದ್ದೇವಲ್ಲ’ ಎನ್ನುವ ಸಮಾಧಾನ ಕೆಲಸಕ್ಕೆ ಬಾರದು. ಕೊಟ್ಟಿಗೆಯಲ್ಲಿಟ್ಟರೆ ದನಗಳಿಗೂ ಅದೇ ಗತಿ. ಆದ್ದರಿಂದ ಜನರೇಟರಿನ ಸೂರು ಎರಡು ಕೆಲಸ ಒಟ್ಟಿಗೆ ಮಾಡಬೇಕು: ಮಳೆಯನ್ನು ತಡೆಯಬೇಕು, ಗಾಳಿಯನ್ನು ತಡೆಯಬಾರದು. ಇದನ್ನು ಮೇ ತಿಂಗಳಲ್ಲಿ, ಅಂಗಳದ ಚಪ್ಪರ ಬಿಚ್ಚುವ ಹೊತ್ತಿಗೇ ಮಾಡಿ ಮುಗಿಸುವುದು ಜಾಣತನ.

ಮೊದಲು ಜಾಗ

ಮನೆಯ ಯಾವುದೇ ಬಾಗಿಲು, ಕಿಟಕಿ, ಗವಾಕ್ಷಿಯಿಂದ ಕನಿಷ್ಠ 20 ಅಡಿ ದೂರವಿರಲಿ. ಪಕ್ಕದ ಮನೆಯವರ ಕಿಟಕಿಗೂ ಇದೇ ಲೆಕ್ಕ. ನಮ್ಮ ಕಡೆ ಮಳೆಗಾಲದ ಗಾಳಿ ಬೀಸುವುದು ಪಡುವಣದಿಂದ, ನೈಋತ್ಯದಿಂದ. ಹಾಗಾಗಿ ಮನೆಯ ಪೂರ್ವಕ್ಕೋ ಈಶಾನ್ಯಕ್ಕೋ ಜಾಗ ಸಿಕ್ಕರೆ ಹೊಗೆ ಮನೆಯಿಂದ ಆಚೆಗೆ ಹೋಗುತ್ತದೆ. ಸೈಲೆನ್ಸರಿನ ಬಾಯಿಯೂ ಅತ್ತಲೇ ಇರಲಿ. ಆದರೆ ಗುಡ್ಡದ ಬುಡದ ಮನೆಗಳಲ್ಲಿ ಗಾಳಿ ಹೇಳಿದ ಮಾತು ಕೇಳುವುದಿಲ್ಲ, ಸುತ್ತಿ ಬಂದು ಮನೆಗೇ ನುಗ್ಗುತ್ತದೆ. ಅಂಥಲ್ಲಿ 20 ಅಡಿಗೂ ಆಚೆ ಹೋದಷ್ಟು ಒಳ್ಳೆಯದು.

ಮನೆಗೂ ದರೆಗೂ ನಡುವಿನ ಓಣಿಯಂಥ ಜಾಗವನ್ನು ಮಾತ್ರ ಮುಟ್ಟಬೇಡಿ. ಕಣ್ಣಿಗೆ ಅದೇ ಮರೆಯಾಗಿ, ಬೆಚ್ಚಗೆ ಕಾಣುತ್ತದೆ. ಹೊಗೆ ಅಲ್ಲೇ ನಿಲ್ಲುತ್ತದೆ, ದರೆ ಜರಿದರೆ ಯಂತ್ರ ಮಣ್ಣಿನಡಿ. ದೊಡ್ಡ ಮರದ ಕೆಳಗೂ ಬೇಡ.

ಕಟ್ಟೆ

ಇದಕ್ಕೆ ಹೆಚ್ಚು ಹೇಳುವುದಿಲ್ಲ. ಜಂಬಿಟ್ಟಿಗೆ ಕಲ್ಲಿನಲ್ಲಿ 9 ಅಂಗುಲ ಎತ್ತರದ, 3 ಅಡಿಗೆ 4 ಅಡಿ ಕಟ್ಟೆ ಸಾಕು. ಮೇಲೆ ಸಿಮೆಂಟು ಎಳೆಯುವಾಗ ನೀರು ಜಾರುವಷ್ಟು ಮಾತ್ರ ಓರೆ ಕೊಡಿ, ಹೆಚ್ಚು ವಾಟವಾದರೆ ಎಂಜಿನ್ನಿನ ಆಯಿಲ್ ಒಂದು ಕಡೆ ಸರಿದು ತೊಂದರೆ. ಸುತ್ತ ಕಿರುಗಾಲುವೆ ತೋಡಿ ತೋಟದ ಕಡೆ ಬಿಡಿ. ಯಂತ್ರದಡಿ ದಪ್ಪ ರಬ್ಬರ್ ಮ್ಯಾಟ್ ಹಾಕಿದರೆ ನಡುಕಕ್ಕೆ ಜಾರಿ ಸರಿಯುವುದಿಲ್ಲ.

ಸೂರು

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಗಾಳಿ ಜೋರಾದಾಗ ಮಳೆ 45 ಡಿಗ್ರಿ ಓರೆಯಾಗಿ ಬರುತ್ತದೆ ಎಂದಿಟ್ಟುಕೊಳ್ಳಿ. ಅಂದರೆ ಒಂದಡಿ ಇಳಿಯುವಷ್ಟರಲ್ಲಿ ಒಂದಡಿ ಒಳಗೆ. ಸೂರಿನ ಅಂಚು ನೆಲದಿಂದ ನಾಲ್ಕೂವರೆ ಅಡಿ ಮೇಲಿದ್ದರೆ ಹನಿ ನೆಲ ಮುಟ್ಟುವ ಹೊತ್ತಿಗೆ ನಾಲ್ಕೂವರೆ ಅಡಿ ಒಳಗೆ ಬಂದಿರುತ್ತದೆ. 8 ಅಡಿ ಚೌಕದ ಸೂರಿನ ನಟ್ಟನಡುವೆ ಇಟ್ಟ ಜನರೇಟರಿನ ಬುಡಕ್ಕೂ ಅದು ತಾಗುತ್ತದೆ. ಹಾಗೆಂದು ಸೂರನ್ನು ತಗ್ಗಿಸಿದರೆ ಬಿಸಿಗಾಳಿಗೆ ಹೋಗಲು ದಾರಿ ಇಲ್ಲ. ಈ ಎಂಜಿನ್ನುಗಳು ತಣ್ಣಗಾಗುವುದೇ ಸುತ್ತಲಿನ ಗಾಳಿಯಿಂದ.

ಹೀಗೆ ಮಾಡಿ: ನಾಲ್ಕು ಜಿಐ ಪೈಪುಗಳನ್ನು ಕಾಂಕ್ರೀಟಿನಲ್ಲಿ ಹೂಳಿ, 8 ಅಡಿ ಚೌಕದ ಜಿಂಕ್ ಶೀಟು ಹೊದಿಸಿ. ಪಡುವಣ ಬದಿ ನಾಲ್ಕೂವರೆ ಅಡಿ, ಮೂಡಣ ಬದಿ 6 ಅಡಿ ಎತ್ತರ. ಗಾಳಿಯ ಬದಿ ತಗ್ಗು, ಬಿಸಿಗಾಳಿ ಹೊರಡುವ ಬದಿ ಎತ್ತರ. ಪಡುವಣ ಅಂಚಿಗೆ ಅಡಿಕೆ ದಬ್ಬೆಯ ತಟ್ಟಿ ಕಟ್ಟಿ, ಶೀಟಿನ ಅಂಚಿನಿಂದ ಶುರುವಾಗಿ ನೆಲದಿಂದ ಒಂದಡಿ ಮೇಲೆ ನಿಲ್ಲಲಿ. ದಬ್ಬೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡಿ. ಆ ಸಂದಿನಲ್ಲಿ ಗಾಳಿ ಆಡುತ್ತದೆ, ಎರಚಲಿನ ಹನಿ ದಬ್ಬೆಗೆ ಬಡಿದು ಕೆಳಗಿಳಿಯುತ್ತದೆ. ಉಳಿದ ಮೂರೂ ಬದಿ ಬಯಲೇ ಇರಲಿ. ನಿಮ್ಮಲ್ಲಿ ಗಾಳಿ ನೈಋತ್ಯದಿಂದ ಹೆಚ್ಚೆಂದಾದರೆ ಗುಂಡಿ ತೋಡುವಾಗಲೇ ಸೂರನ್ನು ಸ್ವಲ್ಪ ತಿರುಗಿಸಿ, ತಟ್ಟಿ ಗಾಳಿಗೆ ಎದುರಾಗಲಿ. ಯಂತ್ರದ ಸುತ್ತ ಎಲ್ಲ ಕಡೆ 3 ಅಡಿ ತೆರಪು ಬೇಕೇ ಬೇಕು.

ಶಿವಮೊಗ್ಗ ಪೇಟೆಯವರಿಗೆ ತಟ್ಟಿ ಇಲ್ಲದೆಯೂ ನಡೆದೀತು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ಮೀರುತ್ತದೆ, ಪೇಟೆಗೆ ಬೀಳುವುದು ಅದರಲ್ಲಿ ಒಂದು ಸಣ್ಣ ಪಾಲು. ಘಟ್ಟದ ಅಂಚಿನವರು ಮಾತ್ರ ತಟ್ಟಿ ಬಿಡಬಾರದು. ಶೀಟನ್ನು ಮೊಳೆ ಹೊಡೆದು ಕೂರಿಸಬೇಡಿ, ಗಾಳಿ ಒಂದೇ ಏಟಿಗೆ ಎತ್ತಿಕೊಂಡು ಹೋಗುತ್ತದೆ. ಹುಕ್ ಬೋಲ್ಟು, ರಬ್ಬರ್ ವಾಷರು ಹಾಕಿ ಬಿಗಿಯಿರಿ.

ಸೋಗೆ ಹೊದಿಸೋಣವೇ ಎಂದು ಕೇಳುವವರಿದ್ದಾರೆ. ಬೇಡ. ಸೋಗೆಯ ಮೇಲೆ ಎಷ್ಟೇ ಮಳೆ ಸುರಿದರೂ ಅಡಿ ಮೈ ಒಣಗಿರುತ್ತದೆ, ಕೆಳಗೆ ಸೈಲೆನ್ಸರ್ ಕಾದ ಕಾವಲಿಯ ಹಾಗಿರುತ್ತದೆ. ಇನ್ನೊಂದು ಮಾತು: ಮಲೆನಾಡಿನಲ್ಲಿ ಎಲ್ಲೇ ಒಂದು ಸೂರು ಎದ್ದರೂ ವಾರದೊಳಗೆ ಅದರಡಿ ಸೌದೆ ಬಂದು ಕೂರುತ್ತದೆ, ಹಿಂದೆಯೇ ಅಡಿಕೆ ಸಿಪ್ಪೆಯ ಚೀಲ, ಹಳೆಯ ಕಂಬಳಿ. ಮನೆಮಂದಿಗೆಲ್ಲ ಮೊದಲೇ ಹೇಳಿಡಿ, ಇದು ಸೌದೆಮನೆಯಲ್ಲ. ಪೆಟ್ರೋಲ್ ಕ್ಯಾನ್ ಕೂಡ ಇದರಡಿ ಇರಬಾರದು, ಮನೆಯೊಳಗೂ ಇರಬಾರದು.

ವೈರು

ಜನರೇಟರಿನಿಂದ ಮನೆಗೆ ಹೋಗುವ ವೈರು ರಬ್ಬರ್ ಹೊದಿಕೆಯ, 2.5 ಚದರ ಮಿ.ಮೀ.ನ ಮೂರು ಕೋರ್‌ನದು ಇರಲಿ, ನಡುವೆ ಎಲ್ಲೂ ಜಾಯಿಂಟ್ ಬೇಡ. ಪ್ಲಗ್ ಸಿಕ್ಕಿಸಿದ ಕೂಡಲೇ ವೈರು ಒಂದು ಗೇಣು ಕೆಳಗೆ ಜೋತು ಆಮೇಲೆ ಮೇಲಕ್ಕೆ ಹೋಗಬೇಕು. ವೈರಿನ ಗುಂಟ ಹರಿದು ಬಂದ ನೀರು ಆ ಬಳುಕಿನ ತಳದಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಇಳಿಯುವುದಿಲ್ಲ. ಮನೆಯ ಕಡೆಯ ತುದಿಗೂ ಇದೇ ಉಪಾಯ.

ಎರಡೂ ತುದಿಗೆ ಪ್ಲಗ್ ಕಟ್ಟಿ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಚಾಳಿ ಕೆಲವು ಕಡೆ ಇದೆ. ಹಾಗೆ ಮಾಡಿದರೆ ನಿಮ್ಮ ಮನೆಯ 230 ವೋಲ್ಟ್ ಕರೆಂಟು ಊರಿನ ಟ್ರಾನ್ಸ್‌ಫಾರ್ಮರಿಗೆ ಹಿಂದಕ್ಕೆ ಹರಿದು 11 ಸಾವಿರ ವೋಲ್ಟ್ ಆಗಬಹುದು. ಲೈನ್ ಆಫ್ ಮಾಡಿಸಿದ್ದೇವೆಂದು ನಂಬಿ, ಮಳೆಯಲ್ಲಿ ನೆನೆಯುತ್ತಾ ಕಂಬ ಹತ್ತಿದ ಮೆಸ್ಕಾಂ ಲೈನ್‌ಮ್ಯಾನ್ ಜೀವ ಹೋಗುವುದು ಹೀಗೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಊರಿನ ಲೈನೂ ಜನರೇಟರೂ ಒಟ್ಟಿಗೆ ಸೇರದಂತೆ ತಡೆಯುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್), ಅರ್ಥಿಂಗ್ ಎರಡನ್ನೂ ಅವರಿಂದಲೇ ಜೋಡಿಸಿಸಿ, ಜನರೇಟರ್ ಓಡುತ್ತಿರುವಾಗಲೇ ಟೆಸ್ಟ್ ಬಟನ್ ಒತ್ತಿ ಟ್ರಿಪ್ ಆಗುತ್ತದೆಯೇ ಎಂದು ಎದುರಿಗೇ ನೋಡಿಕೊಳ್ಳಿ.

ಓಡಿಸುವಾಗ, ನಿಲ್ಲಿಸಿದಾಗ

ಒಣಗಿದ ಕೈಯಲ್ಲಿ ಮುಟ್ಟಿ, ಒಣ ಹಲಗೆಯ ಮೇಲೆ ನಿಂತು ಸ್ಟಾರ್ಟ್ ಮಾಡಿ. ಪೆಟ್ರೋಲ್ ಮುಗಿದರೆ ಎಂಜಿನ್ ಆರಿಸಿ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ತಣಿದ ಮೇಲೆ ಹಾಕಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಓಡಿಸದಿರುವುದೇ ಒಳ್ಳೆಯದು. ಫ್ರಿಜ್ಜು ಬಾಗಿಲು ತೆರೆಯದೆ ಇದ್ದರೆ ಮೂರ್ನಾಲ್ಕು ಗಂಟೆ ಕಾಯುತ್ತದೆ. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದಿರಲಿ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಜ್ವರದ ಮಾತ್ರೆ ಹುಡುಕುತ್ತಾ ಕೂರದೆ ಎಲ್ಲರನ್ನೂ ಬಯಲಿಗೆ ಕರೆತಂದು 108ಕ್ಕೆ ಫೋನ್ ಮಾಡಿ.

ಕೆಲಸ ಮುಗಿದ ಕೂಡಲೇ ಬಿಸಿ ಯಂತ್ರಕ್ಕೆ ಪ್ಲಾಸ್ಟಿಕ್ ಸುತ್ತಬೇಡಿ. ಪೂರ್ತಿ ಆರಿದ ಮೇಲೆ ಟಾರ್ಪಾಲ್ ಹೊದಿಸಿ, ಬುಡ ತೆರೆದಿರಲಿ. ಬಿಗಿಯಾಗಿ ಸುತ್ತಿದರೆ ಒಳಗೇ ಬೆವರಿ ತಂತಿಸುರುಳಿಯ ವೈಂಡಿಂಗ್‌ಗೆ ತೇವ ಹಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ಅದೂ ನಮ್ಮ ಥಂಡಿ ಹವೆಯ ನೀರನ್ನು ಎಳೆದುಕೊಳ್ಳುತ್ತದೆ. ವಾರಗಟ್ಟಲೆ ಬಳಸುವುದಿಲ್ಲವಾದರೆ ಪೆಟ್ರೋಲ್ ಕಾಕ್ ಮುಚ್ಚಿ, ತಾನೇ ಆರುವ ತನಕ ಓಡಿಸಿ ಕಾರ್ಬ್ಯುರೇಟರ್ ಖಾಲಿ ಮಾಡಿ. ಸೈಲೆನ್ಸರಿನ ಬಾಯಿ, ಏರ್ ಫಿಲ್ಟರ್ ಎರಡನ್ನೂ ಸ್ಟಾರ್ಟ್ ಮಾಡುವ ಮೊದಲು ಇಣುಕಿ ನೋಡಿ. ಕಣಜ ಮಣ್ಣು ಮೆತ್ತಿ ಗೂಡು ಕಟ್ಟಲು ಹೆಚ್ಚು ದಿನ ಬೇಕಿಲ್ಲ. ಹದಿನೈದು ದಿನಕ್ಕೊಮ್ಮೆ ಕಾಲು ಗಂಟೆ ಲೋಡ್ ಕೊಟ್ಟು ಓಡಿಸಿ.

ಇಷ್ಟೆಲ್ಲ ಮಾಡಿದರೂ ಯಂತ್ರ ನೆನೆದೇ ಹೋಯಿತು ಅನ್ನಿ, ಹಗ್ಗ ಎಳೆದು ಪರೀಕ್ಷೆ ಮಾಡಬೇಡಿ. ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ. ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಎಂಜಿನ್ನಿಗೆ ನೀರು ಹೋಗಿದೆ, ಮೆಕ್ಯಾನಿಕ್ ಬರುವವರೆಗೆ ಮುಟ್ಟುವಂತಿಲ್ಲ. ಆಯಿಲ್ ಸರಿಯಿದ್ದರೂ ಗಾಳಿಯಾಡುವ ಕಡೆ ಒಂದೆರಡು ದಿನ ಒಣಗಿಸಿ, ಎಲೆಕ್ಟ್ರಿಷಿಯನ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರು) ಹಿಡಿದು ವೈಂಡಿಂಗ್ ನೋಡಿದ ಮೇಲೆಯೇ ಪ್ಲಗ್ ಸಿಕ್ಕಿಸಿ.