ಠಾಣೆಯ ಬೊಲೆರೊ ಮನೆಗೆ ತರುವ ಮುನ್ನ, ತಂದ ಮೇಲೆ

ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್ ಪಡೆ) ಮೈದಾನದ ಮೂಲೆಯಲ್ಲಿ ಹರಾಜಿಗೆ ಸಾಲಾಗಿ ನಿಂತ ಹಳೇ ಪೊಲೀಸ್ ಬೊಲೆರೊಗಳನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಟೈರಿನ ಗಾಳಿ ಇಳಿದಿದೆ, ಬಾನೆಟ್ ಮೇಲೆ ಬೇವಿನೆಲೆ ಬಿದ್ದಿದೆ. ಆದರೂ ಮೀಟರಿನಲ್ಲಿ ಕಿಲೋಮೀಟರ್ ಕಮ್ಮಿ. ‘ಸ್ವಲ್ಪ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದರೆ ಹೊಸದಾಗುತ್ತೆ’ ಅನ್ನಿಸುತ್ತದೆ. ನಾನೂ ಹಾಗೆಂದುಕೊಂಡೇ ಹರಾಜು ಕೂಗಿದವನು. ತಂದ ವಾರವೇ ಪೇಂಟ್ ಮಾಡಿಸಿದೆ. ಮೊದಲ ಮಳೆಗೆ ಚಾವಣಿ ಸೋರಿತು. ಹೊಸ ಬಣ್ಣ ಕೆರೆದು ವೆಲ್ಡಿಂಗ್ ಮಾಡಿಸಬೇಕಾಯಿತು. ನನ್ನ ಹಾಗೆ ಎರಡು ಸಲ ದುಡ್ಡು ಸುರಿಯಬೇಡಿ. ಕೆಲಸದ ಕ್ರಮ ಹೀಗಿರಲಿ.

ಮೊದಲು ಕಾಗದ

2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ನೇರ ಗುಜರಿಗೆ. ಹಾಗಾಗಿ ಆರ್‌ಸಿಯಲ್ಲಿ ನೋಂದಣಿ ದಿನಾಂಕವನ್ನೇ ಮೊದಲು ನೋಡಿ. 12 ವರ್ಷದ ಗಾಡಿಯಾದರೆ ಇನ್ನು ಮೂರೇ ವರ್ಷಕ್ಕೆ ನಿಮ್ಮ ಹೆಸರಿನಲ್ಲಿ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸಿ ಆರ್‌ಸಿ ನವೀಕರಿಸಬೇಕಾಗುತ್ತದೆ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹರಾಜಿನ ಪಟ್ಟಿಯಲ್ಲಿ ಆರ್‌ಸಿ ಸಮೇತ ಮಾರುವ ಗಾಡಿ ಯಾವುದು, ಬರೀ ಗುಜರಿ ಎಂದು ಮಾರುವುದು ಯಾವುದು ಅಂತಲೂ ಕೇಳಿಕೊಳ್ಳಿ. ಗುಜರಿ ಎಂದು ಕೊಂಡದ್ದನ್ನು ಎಷ್ಟು ಚೆಂದ ಮಾಡಿದರೂ ರಸ್ತೆಗಿಳಿಸುವಂತಿಲ್ಲ.

ಹರಾಜಿನಲ್ಲಿ ಕೊಂಡ ಗಾಡಿಯನ್ನು ಹೆಸರಿಗೆ ಮಾಡಿಸಿಕೊಳ್ಳಲು ಫಾರಂ 32 ಬೇಕು. ‘ಜಿ’ ಸಾಲಿನ ನಂಬರ್ ಸರ್ಕಾರಿ ಗಾಡಿಗಳದ್ದು. ಖಾಸಗಿ ಹೆಸರಿಗೆ ಬಂದಾಗ ನಂಬರಿನ ಕಥೆ ಏನು, ತೆರಿಗೆ ಎಷ್ಟು ಅಂತ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಹರಾಜು ಕೂಗುವ ಮೊದಲೇ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇಂಥ ಸರ್ಕಾರಿ ವಾಹನಗಳಿಗೆ ವಿಮೆಯಿಂದ ವಿನಾಯಿತಿ ಇದೆ. ಹಳೇ ಪಾಲಿಸಿಯೇ ಇಲ್ಲದಿರಬಹುದು. ವಿಮೆ ಮಾಡಿಸದೆ ಮೈದಾನದ ಗೇಟು ದಾಟಬೇಡಿ. ಟೋಯಿಂಗ್ ಗಾಡಿಯಲ್ಲಿ ತರುವುದೇ ವಾಸಿ.

ಮೀಟರ್ ನಂಬಬೇಡಿ

ಬಂದೋಬಸ್ತಿನಲ್ಲಿ ಗಾಡಿ ಗಂಟೆಗಟ್ಟಲೆ ನಿಂತಲ್ಲೇ ಉರಿಯುತ್ತಿರುತ್ತದೆ. ಎಸಿ ಬೇಕು, ವೈರ್‌ಲೆಸ್ ಬೇಕು, ಮೇಲಿನ ದೀಪ ತಿರುಗುತ್ತಿರಬೇಕು. ಎಂಜಿನ್ ಸವೆಯುತ್ತದೆ, ಕಿಲೋಮೀಟರ್ ಏರುವುದಿಲ್ಲ. ಪಾಳಿಗೊಬ್ಬ ಡ್ರೈವರ್ ಬೇರೆ. ಕ್ಲಚ್ ಪೆಡಲಿನ ರಬ್ಬರ್ ನುಣ್ಣಗಾಗಿದ್ದರೆ ಮೀಟರಿಗಿಂತ ಅದನ್ನೇ ನಂಬಿ.

ಹರಾಜಿನ ಗಾಡಿಗಳಲ್ಲಿ ಬ್ಯಾಟರಿ ಸತ್ತಿರುವುದೇ ಹೆಚ್ಚು, ಸ್ಟಾರ್ಟ್ ಮಾಡಿ ನೋಡಲು ಆಗುವುದಿಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ, ಆ ಗಾಡಿ ಬಿಟ್ಟುಬಿಡಿ. ಅಲ್ಲಿನವರು ಒಪ್ಪಿದರೆ, ಗೇರು ನ್ಯೂಟ್ರಲ್‌ನಲ್ಲಿಟ್ಟು ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ತಿರುಗಿಸಿ. ತಿರುಗಿದರೆ ಎಂಜಿನ್ ಜಾಮ್ ಆಗಿಲ್ಲ.

ಚಾವಣಿ ಮತ್ತು ವೈರು

ಮನೆಗೆ ತಂದ ಮೇಲೆ ಮೊದಲ ಕೆಲಸ ಇದೇ. ಲೈಟ್‌ಬಾರ್ ಮತ್ತು ಆಂಟೆನಾ ಬಿಚ್ಚಿಕೊಂಡವರು ತೂತುಗಳನ್ನು ಹಾಗೇ ಬಿಟ್ಟಿರುತ್ತಾರೆ, ಇಲ್ಲ ಎಂ-ಸೀಲ್ ಮೆತ್ತಿರುತ್ತಾರೆ. ಒಳಗಿನ ರೂಫ್ ಲೈನಿಂಗ್ ಇಳಿಸಿ ನೋಡಿ. ತೂತಿನ ಸುತ್ತ ಚಹಾ ಕಲೆಯಂಥ ಕಂದು ಉಂಗುರ ಕಂಡರೆ ನೀರು ಬಹಳ ದಿನದಿಂದ ಇಳಿಯುತ್ತಿದೆ ಎಂದರ್ಥ. ಬರೀ ಸಿಲಿಕಾನ್ ಮೆತ್ತಿ ಸುಮ್ಮನಾಗಬೇಡಿ. ತುಕ್ಕು ಕೆರೆದು, ತಗಡಿನ ಬಿಲ್ಲೆ ಇಟ್ಟು ವೆಲ್ಡ್ ಮಾಡಿಸಿ ಪ್ರೈಮರ್ ಹೊಡೆಸಿ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ತಂತಿ ಬಿಚ್ಚುವುದನ್ನು ಮರೆಯಬೇಡಿ. ನೆಲದ ಮ್ಯಾಟ್ ಎತ್ತಿ ಅಲ್ಲೂ ತೂತು ಹುಡುಕಿ.

ನನ್ನ ಗಾಡಿಯ ಬ್ಯಾಟರಿ ಮೂರು ದಿನ ನಿಲ್ಲಿಸಿದರೆ ಡೌನ್ ಆಗುತ್ತಿತ್ತು. ಹೊಸದು ಹಾಕಿದರೂ ಅಷ್ಟೇ. ಕೊನೆಗೆ ನೆಗೆಟಿವ್ ತಂತಿ ಬಿಚ್ಚಿ, ಟರ್ಮಿನಲ್ಲಿಗೂ ತಂತಿಗೂ ನಡುವೆ ಮಲ್ಟಿಮೀಟರ್ ಹಾಕಿದೆ. ಇಗ್ನಿಷನ್ ಆಫ್, ಬಾಗಿಲುಗಳೆಲ್ಲ ಬಂದ್. ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ 50 ಮಿಲಿಆಂಪ್ ಒಳಗಿರಬೇಕಾದದ್ದು ಎಷ್ಟೋ ಜಾಸ್ತಿ ತೋರಿಸುತ್ತಿತ್ತು. ಒಂದೊಂದೇ ಫ್ಯೂಸ್ ಕಿತ್ತೆ. ಎಲ್ಲ ಕಿತ್ತರೂ ಮೀಟರ್ ಇಳಿಯಲಿಲ್ಲ. ಅಂದರೆ ಫ್ಯೂಸ್ ಬಾಕ್ಸಿಗೇ ಬಾರದ ವೈರೊಂದು ಕರೆಂಟ್ ಕುಡಿಯುತ್ತಿದೆ, ಅಲ್ವಾ? ಬ್ಯಾಟರಿಯ ಪಾಸಿಟಿವ್‌ನಿಂದ ಹೊರಟ ಕೆಂಪು ವೈರಿನ ಬೆನ್ನು ಹತ್ತಿ ಹೋದರೆ, ಡ್ಯಾಶ್‌ಬೋರ್ಡ್ ಹಿಂದೆ ಸೈರನ್ ಪೆಟ್ಟಿಗೆ ಇನ್ನೂ ಕೂತಿತ್ತು! ಹಾರ್ನ್ ಬಿಚ್ಚಿಕೊಂಡವರು ಪೆಟ್ಟಿಗೆ ಬಿಟ್ಟಿದ್ದರು. ಇಂಥ ವೈರುಗಳನ್ನು ಕತ್ತರಿಸಿ ಟೇಪ್ ಸುತ್ತಬೇಡಿ. ಬ್ಯಾಟರಿ ತನಕ ಎಳೆದು ಪೂರ್ತಿ ತೆಗೆಯಿರಿ. ಫ್ಯೂಸ್ ಇಲ್ಲದ ವೈರು ಉಜ್ಜಿ ಬಾಡಿಗೆ ತಾಗಿದರೆ ಬೆಂಕಿಯೇ.

ಆಮೇಲೆ ಎಂಜಿನ್

ಈ ಸಾಲಿನಲ್ಲಿ ಸಿಗುವ ಹಳೇ ಬೊಲೆರೊಗಳಲ್ಲಿ 2523 ಸಿಸಿಯ ಡೀಸೆಲ್ ಎಂಜಿನ್ ಸಾಮಾನ್ಯ. ಅದಕ್ಕೆ ಸ್ಪೇರ್ ಸಿಗದ ತಾಲ್ಲೂಕಿಲ್ಲ. ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಎಂಜಿನ್ ಆಗಿದ್ದರೆ ವರ್ಷಗಟ್ಟಲೆ ನಿಂತ ಡೀಸೆಲ್‌ನಲ್ಲಿ ಸುಮ್ನೆ ಸ್ಟಾರ್ಟ್ ಮಾಡಬೇಡಿ. ಇಂಜೆಕ್ಟರ್ ಹಾಳಾದರೆ ಹರಾಜಿನಲ್ಲಿ ಉಳಿಸಿದ್ದೆಲ್ಲ ಅಲ್ಲೇ ಹೋಯಿತು. ಟ್ಯಾಂಕ್ ಇಳಿಸಿ ತೊಳೆಸಿ, ಡೀಸೆಲ್ ಫಿಲ್ಟರ್, ಆಯಿಲ್, ಕೂಲೆಂಟ್ ಬದಲಿಸಿ. ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿದೆಯಾ ನೋಡಿ.

ಎಂಜಿನ್ ಬಿಸಿಯಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಹೊಗೆ ಬುಸ್ ಬುಸ್ ಎಂದು ಬಂದರೆ ಮೆಕ್ಯಾನಿಕ್‌ಗಳು ‘ಬ್ಯಾಕ್ ಕಂಪ್ರೆಷನ್’ ಅನ್ನುತ್ತಾರೆ. ಪಿಸ್ಟನ್ ರಿಂಗ್ ಸವೆದಿದೆ, ಎಂಜಿನ್ ಬಿಚ್ಚಬೇಕು. ಸೈಲೆನ್ಸರಿನ ಹೊಗೆ ನೀಲಿಯಾದರೆ ಆಯಿಲ್ ಸುಡುತ್ತಿದೆ. ಬ್ರೇಕ್ ಹೋಸ್‌ಗಳನ್ನು ಮಾತ್ರ ಚೆನ್ನಾಗಿ ಕಂಡರೂ ಬದಲಿಸಿ. ಹಿಂದಿನ ಬ್ಲೇಡ್ ಸೆಟ್ಟಿನ (ಲೀಫ್ ಸ್ಪ್ರಿಂಗ್) ಬುಷ್, ಅದನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಕೂಡ ಹೊಸದಾಗಲಿ.

ಬಣ್ಣ, ಅಲಂಕಾರ

ಸ್ಟಿಕ್ಕರ್‌ಗಳನ್ನು ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿ ನಿಧಾನಕ್ಕೆ ಎಬ್ಬಿಸಿ. ಕಿತ್ತ ಜಾಗದಲ್ಲಿ ‘ಪೊಲೀಸ್’ ಅಕ್ಷರ ಮಾತ್ರ ಬೆಳ್ಳಗೆ ಉಳಿದು, ಸುತ್ತಲಿನ ಬಣ್ಣ ಮಾಸಿರುತ್ತದೆ. ಅಂಚನ್ನು ಉಜ್ಜದೆ ಮೇಲೆ ಬಣ್ಣ ಹೊಡೆದರೆ ಅಡ್ಡ ಬೆಳಕಿನಲ್ಲಿ ಅಕ್ಷರ ಮತ್ತೆ ಎದ್ದು ಕಾಣುತ್ತದೆ. ಬಿಳಿಗೆ ಬಿಳಿಯನ್ನೇ ಹೊಡೆಸಿದರೆ ಒಳ್ಳೆಯದು. ಬಣ್ಣ ಬದಲಿಸಿದರೆ ಆರ್‌ಸಿಯಲ್ಲೂ ತಿದ್ದಿಸಬೇಕು.

ಹೊಸದಾಗಿ ಹಾಕಿಸುವುದಾದರೆ ಹೆಡ್‌ಲೈಟಿಗೆ ರಿಲೇ ಸಮೇತ ದಪ್ಪ ವೈರಿಂಗ್ ಹಾಕಿಸಿ. ಅದೇ 60/55 ವಾಟ್ ಬಲ್ಬ್ ಬೇರೆಯದೇ ಬೆಳಕು ಕೊಡುತ್ತದೆ. ರಿವರ್ಸ್ ಕ್ಯಾಮೆರಾ, ಒಳ್ಳೆ ಸೀಟುಗಳೂ ಆಗಲಿ. ಆದರೆ ಎದುರುಬದುರು ಬೆಂಚನ್ನು ತೆಗೆದು ಸೀಟಿನ ಸಂಖ್ಯೆ ಬದಲಿಸಬೇಕಾದರೆ ಆರ್‌ಟಿಒ ಒಪ್ಪಿಗೆ ಬೇಕು. ಮುಂದೆ ಕಟ್ಟುವ ಕಬ್ಬಿಣದ ಬುಲ್ ಬಾರ್ ಬೇಡ, ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಅದು ಕಾಯ್ದೆಗೆ ವಿರುದ್ಧ ಎಂದಿದೆ. ಕೆಂಪು-ನೀಲಿ ದೀಪ, ಹಲವು ಸ್ವರದ ಹಾರ್ನ್ ಕೇಳಲೇಬೇಡಿ. ಗೆಳೆಯರು ‘ಸೈರನ್ ಇಟ್ಕೊಳೋ’ ಅಂತ ತಮಾಷೆ ಮಾಡುತ್ತಾರೆ, ದಂಡ ಕಟ್ಟಲು ಅವರು ಬರುವುದಿಲ್ಲ. ಟೋಲ್ ವಿನಾಯಿತಿಯೂ ಹೋಗಿರುತ್ತದೆ, ಫಾಸ್ಟ್ಯಾಗ್ ಕೊಂಡುಕೊಳ್ಳಿ.

ಎಲ್ಲ ಮುಗಿಸಿ 500 ಕಿಲೋಮೀಟರ್ ಓಡಿಸಿದ ಮೇಲೆ ಗಾಡಿಯ ಅಡಿಯಲ್ಲಿ ಮತ್ತೊಮ್ಮೆ ನೋಡಿ. ಹೊಸ ಯು-ಬೋಲ್ಟ್‌ಗಳು ಕೂತುಕೊಂಡು ಸಡಿಲವಾಗಿರುತ್ತವೆ, ಸ್ಪ್ಯಾನರ್ ಹಾಕಿ ಇನ್ನೊಮ್ಮೆ ಬಿಗಿ ಮಾಡಿ. ನನ್ನದರಲ್ಲಿ ಎಡಗಡೆಯದು ಅರ್ಧ ಸುತ್ತು ತಿರುಗಿತ್ತು.